ಹಿಂದಿನ ಬಾಕಿ ತರದೆ ಹೊಸ ಖಾತೆ ಬೇಡ

ಹೊಸ ಸಂಶೋಧನೆಗೆ ಮುನ್ನ ಸಿಸ್ಟಮ್ಯಾಟಿಕ್ ರಿವ್ಯೂ ಏಕೆ? – ಒಂದು ಅಧ್ಯಯನ ಲೇಖನ
(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಮೊದಲು ಕಲಿಯುವ ಶಿಸ್ತುಗಳಲ್ಲಿ ಇದೂ ಒಂದು: ಹೊಸ ವರ್ಷದ ಪುಸ್ತಕ ತೆರೆದಾಗ ಮೊದಲ ಸಾಲಿನಲ್ಲಿ ಹಿಂದಿನ ವರ್ಷದ ಶಿಲ್ಕನ್ನು ಬರೆಯಬೇಕು. ಅದನ್ನು ಬರೆಯದೆ ಇಡೀ ವರ್ಷ ಎಷ್ಟೇ ಅಚ್ಚುಕಟ್ಟಾಗಿ ಲೆಕ್ಕ ಇಟ್ಟರೂ ಕೊನೆಯಲ್ಲಿ ಬರುವ ಮೊತ್ತ ಸುಳ್ಳಾಗುತ್ತದೆ. ಮನೆಯಲ್ಲಿ ಉರ್ದು ಮಾತನಾಡುವ ನನಗೆ ಲೆಕ್ಕಪತ್ರದ ಕನ್ನಡ ಅಷ್ಟೇನೂ ಹೊಸದೆನಿಸಲಿಲ್ಲ. ಜಮಾ, ಖರ್ಚು, ಬಾಕಿ, ವಸೂಲಿ ಎಂಬ ಮಾತುಗಳು ನಮ್ಮ ಮನೆಯಲ್ಲೂ ಇವೆ, ಪಠ್ಯಪುಸ್ತಕದಲ್ಲೂ ಇವೆ. ಆದರೆ 'ಹಿಂದಿನ ಬಾಕಿಯನ್ನು ಮುಂದಕ್ಕೆ ತನ್ನಿ' ಎಂಬ ನಿಯಮ ಅಂಗಡಿ ಲೆಕ್ಕಕ್ಕೆ ಮಾತ್ರವಲ್ಲ, ವಿಜ್ಞಾನದ ಸಂಶೋಧನೆಗೂ ಸಲ್ಲುತ್ತದೆ ಎಂಬುದು ನನಗೆ ತಿಳಿದದ್ದು ಈ ವರ್ಷ ಪ್ರಾಜೆಕ್ಟ್ ಕೆಲಸಕ್ಕಾಗಿ ಓದಲು ಕುಳಿತಾಗ.

ಸಂಶೋಧನೆಯ ಆ ಹಿಂದಿನ ಬಾಕಿಯನ್ನು ಲೆಕ್ಕ ಹಾಕುವ ವಿಧಾನಕ್ಕೆ ಸಿಸ್ಟಮ್ಯಾಟಿಕ್ ರಿವ್ಯೂ ಎನ್ನುತ್ತಾರೆ. ಕನ್ನಡದಲ್ಲಿ 'ವ್ಯವಸ್ಥಿತ ಪರಾಮರ್ಶೆ' ಎನ್ನಬಹುದು. ಅದು ಏನು, ಹೊಸ ಅಧ್ಯಯನ ಮಾಡಬೇಕೋ ಬೇಡವೋ ಎಂದು ಅದರಿಂದ ಹೇಗೆ ತೀರ್ಮಾನಿಸುತ್ತಾರೆ, ನಮ್ಮಂತಹ ವಿದ್ಯಾರ್ಥಿಗಳು ಅದರಿಂದ ಏನು ಕಲಿಯಬಹುದು ಎಂಬುದನ್ನು ಈ ಲೇಖನದಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಪರಾಮರ್ಶೆಯಲ್ಲಿ ವ್ಯವಸ್ಥೆ ಎಂದರೆ ಏನು?

ಸಾಮಾನ್ಯವಾಗಿ ಪ್ರಾಜೆಕ್ಟ್ ವರದಿಗಳಲ್ಲಿ 'ಸಾಹಿತ್ಯ ಪರಾಮರ್ಶೆ' ಎಂಬ ಅಧ್ಯಾಯ ಇರುತ್ತದೆ. ಕೈಗೆ ಸಿಕ್ಕ ನಾಲ್ಕೈದು ಲೇಖನಗಳ ಸಾರಾಂಶ ಬರೆದು ಆ ಅಧ್ಯಾಯ ಮುಗಿಸುತ್ತೇವೆ. ನಮ್ಮ ಅಭಿಪ್ರಾಯಕ್ಕೆ ಹೊಂದುವ ಲೇಖನಗಳೇ ಹೆಚ್ಚಾಗಿ ಕೈಗೆ ಸಿಗುತ್ತವೆ. ಇದು ಮಾಲೀಕ ತಾನಾಗಿಯೇ ಆರಿಸಿ ಕೊಟ್ಟ ವೋಚರ್‌ಗಳನ್ನು ಮಾತ್ರ ನೋಡಿ ಆಡಿಟರ್ ಸಹಿ ಹಾಕಿದ ಹಾಗೆ.

ಸಿಸ್ಟಮ್ಯಾಟಿಕ್ ರಿವ್ಯೂ ಮಾಡುವವರು ಆಡಿಟರ್ ಮಾಡಬೇಕಾದ ರೀತಿಯಲ್ಲೇ ಕೆಲಸ ಮಾಡುತ್ತಾರೆ. ಮೊದಲು ಪ್ರಶ್ನೆಯನ್ನು ಖಚಿತವಾಗಿ ಬರೆದುಕೊಳ್ಳುತ್ತಾರೆ. ಎಲ್ಲೆಲ್ಲಿ ಹುಡುಕುತ್ತೇವೆ, ಯಾವ ಅಧ್ಯಯನಗಳನ್ನು ಸೇರಿಸುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬ ನಿಯಮಗಳನ್ನು ಹುಡುಕಾಟಕ್ಕೆ ಮೊದಲೇ ದಾಖಲಿಸುತ್ತಾರೆ. ಆಮೇಲೆ ಆ ಪ್ರಶ್ನೆಗೆ ಉತ್ತರ ಹುಡುಕಿದ ಎಲ್ಲ ಅಧ್ಯಯನಗಳನ್ನೂ ತರುತ್ತಾರೆ. ಪರವಾಗಿ ಬಂದದ್ದೂ ಬೇಕು, ವಿರುದ್ಧ ಬಂದದ್ದೂ ಬೇಕು, 'ಏನೂ ವ್ಯತ್ಯಾಸ ಕಾಣಲಿಲ್ಲ' ಎಂದದ್ದೂ ಬೇಕು. ಒಬ್ಬರ ಕಣ್ತಪ್ಪನ್ನು ಇನ್ನೊಬ್ಬರು ಹಿಡಿಯಲಿ ಎಂದು ಇಬ್ಬರು ಬೇರೆಬೇರೆಯಾಗಿ ಕುಳಿತು ಆಯ್ಕೆ ಮಾಡುತ್ತಾರೆ. ಪ್ರತಿಯೊಂದು ಅಧ್ಯಯನ ಎಷ್ಟು ನಂಬಿಕೆಗೆ ಅರ್ಹ ಎಂದು ತೂಗಿ ನೋಡುತ್ತಾರೆ. ಕೊನೆಯಲ್ಲಿ, ಸಾಧ್ಯವಿದ್ದರೆ, ಅಂಕಿಗಳನ್ನು ಒಟ್ಟು ಸೇರಿಸುತ್ತಾರೆ. ಈ ಕೊನೆಯ ಹಂತಕ್ಕೆ ಮೆಟಾ ಅನಾಲಿಸಿಸ್ ಎಂದು ಹೆಸರು. ಅದು ಬರಿಯ ಸರಾಸರಿಯಾಗಿರುವುದಿಲ್ಲ. ಹೆಚ್ಚು ಜನರನ್ನು ಒಳಗೊಂಡ ದೊಡ್ಡ ಅಧ್ಯಯನಕ್ಕೆ ಹೆಚ್ಚು ತೂಕ ಸಿಗುತ್ತದೆ.

ವೈದ್ಯಕೀಯದಲ್ಲಿ ಈ ಕೆಲಸಕ್ಕೆಂದೇ 1993ರಲ್ಲಿ ಕಾಕ್ರನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಆರಂಭವಾಯಿತು. ಬ್ರಿಟನ್‌ನ ವೈದ್ಯ ಆರ್ಚಿ ಕಾಕ್ರನ್ ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಶಿಕ್ಷಣ, ಅಪರಾಧ, ಸಮಾಜ ಕಲ್ಯಾಣದಂತಹ ವಿಷಯಗಳಿಗೆ 2000ದಲ್ಲಿ ಕ್ಯಾಂಪ್‌ಬೆಲ್ ಎಂಬ ಸಂಸ್ಥೆ ಬಂತು. ಹೀಗಾಗಿ ಇದು ಡಾಕ್ಟರರಿಗೆ ಮಾತ್ರ ಸೇರಿದ ವಿಷಯವಲ್ಲ. ವಾಣಿಜ್ಯ ಮತ್ತು ಕಲಾ ವಿಭಾಗದವರಿಗೂ ಸೇರಿದ್ದು.

ಹಿಂದಿನ ಬಾಕಿ ನೋಡದಿದ್ದರೆ ಆಗುವ ನಷ್ಟ

ಹೃದಯಾಘಾತವಾದವರ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಲು ಸ್ಟ್ರೆಪ್ಟೊಕೈನೇಸ್ ಎಂಬ ಔಷಧವಿದೆ. ಅದನ್ನು ನರದ ಮೂಲಕ ಕೊಟ್ಟರೆ ಜೀವ ಉಳಿಯುತ್ತದೆಯೇ ಎಂದು ನೋಡಲು 1959ರಿಂದ 1988ರವರೆಗೆ 33 ಪ್ರಯೋಗಗಳು ನಡೆದವು. 1992ರಲ್ಲಿ ಜೋಸೆಫ್ ಲಾವ್ ಮತ್ತು ಅವರ ಸಂಗಡಿಗರು ಈ 33 ಪ್ರಯೋಗಗಳನ್ನು ನಡೆದ ಕ್ರಮದಲ್ಲೇ ಜೋಡಿಸಿ, ಒಂದೊಂದನ್ನೇ ಕೂಡಿಸುತ್ತಾ ಹೋದರು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಪ್ರತಿ ವ್ಯವಹಾರದ ಮುಂದೆ ಅಂದಿನವರೆಗಿನ ಬ್ಯಾಲೆನ್ಸ್ ಇರುತ್ತದಲ್ಲ, ಅದೇ ರೀತಿ.

ಹಾಗೆ ಕೂಡಿಸಿದಾಗ ಕಂಡದ್ದು ಇದು. 1973ರ ಹೊತ್ತಿಗೆ 8 ಪ್ರಯೋಗಗಳು ಮುಗಿದಿದ್ದವು, ಅವುಗಳಲ್ಲಿ 2,432 ರೋಗಿಗಳಿದ್ದರು. ಔಷಧ ಸಾವನ್ನು ಕಡಿಮೆ ಮಾಡುತ್ತದೆ ಎಂಬ ಉತ್ತರ ಅಷ್ಟರಲ್ಲೇ ಸಿಕ್ಕಿತ್ತು. ಆದರೆ ಆ ದಿನಗಳಲ್ಲಿ ಯಾರೂ ಹಾಗೆ ಕೂಡಿಸಿ ನೋಡಿರಲಿಲ್ಲ. ಅದರ ನಂತರ ಇನ್ನೂ 25 ಪ್ರಯೋಗಗಳು ನಡೆದವು, 34,542 ರೋಗಿಗಳು ಅವುಗಳಲ್ಲಿ ಸೇರಿದರು. ಇವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆ ಔಷಧ ಸಿಗಲಿಲ್ಲ, ಏಕೆಂದರೆ ಹೋಲಿಕೆಗೆ ಔಷಧ ಪಡೆಯದ ಒಂದು ಗುಂಪು ಇರಲೇಬೇಕು. ಉತ್ತರ ಗೊತ್ತಿಲ್ಲದಾಗ ಹಾಗೆ ಮಾಡುವುದು ನ್ಯಾಯ. ಉತ್ತರ ಪುಸ್ತಕದ ಪುಟಗಳಲ್ಲೇ ಇದ್ದು, ಯಾರೂ ಮೊತ್ತ ಹಾಕಿಲ್ಲ ಎಂಬ ಒಂದೇ ಕಾರಣಕ್ಕೆ ಹಾಗೆ ಮಾಡಿದರೆ?

ಇದು ಹಳೆಯ ಕಾಲದ ಒಂದೇ ಒಂದು ಉದಾಹರಣೆ ಎಂದುಕೊಳ್ಳಬೇಡಿ. 2011ರಲ್ಲಿ ಕರೆನ್ ರಾಬಿನ್ಸನ್ ಮತ್ತು ಸ್ಟೀವನ್ ಗುಡ್‌ಮನ್ ಎಂಬ ಅಮೆರಿಕದ ಸಂಶೋಧಕರು, ಹೊಸ ಪ್ರಯೋಗ ಮಾಡಿದವರು ಅದೇ ಪ್ರಶ್ನೆಯ ಹಳೆಯ ಪ್ರಯೋಗಗಳನ್ನು ಎಷ್ಟರಮಟ್ಟಿಗೆ ಉಲ್ಲೇಖಿಸಿದ್ದಾರೆ ಎಂದು ಎಣಿಸಿದರು. ತಮಗಿಂತ ಹಿಂದೆ 5 ಅಥವಾ ಹೆಚ್ಚು ಪ್ರಯೋಗಗಳು ನಡೆದಿದ್ದ 1,101 ವರದಿಗಳನ್ನು ನೋಡಿದರೆ, 254 ವರದಿಗಳು ಹಿಂದಿನ ಒಂದನ್ನೂ ಹೆಸರಿಸಿರಲಿಲ್ಲ. ಇನ್ನೂ 257 ವರದಿಗಳು ಒಂದನ್ನು ಮಾತ್ರ ಹೆಸರಿಸಿದ್ದವು. ಅಂದರೆ ಸುಮಾರು ಅರ್ಧದಷ್ಟು ಜನ ಹಿಂದಿನ ಬಾಕಿಯ ಸಾಲನ್ನು ಖಾಲಿ ಬಿಟ್ಟು ಅಥವಾ ಅರೆಬರೆ ತುಂಬಿ ಹೊಸ ಪುಸ್ತಕ ಆರಂಭಿಸಿದ್ದರು.

ನಮ್ಮ ಮೈಸೂರಿನ ಹಳೆಯ ರಿಜಿಸ್ಟರ್‌ಗಳು

ಹಿಂದಿನದನ್ನು ಸರಿಯಾಗಿ ಓದಿದರೆ ಹೊಸ ಪ್ರಶ್ನೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ಊರಿನಲ್ಲೇ ಒಂದು ಉದಾಹರಣೆ ಇದೆ. ಸಿ.ಎಸ್.ಐ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಎಂದರೆ ಕೆಲವರಿಗೆ ತಿಳಿಯಲಿಕ್ಕಿಲ್ಲ, ಮಿಷನ್ ಆಸ್ಪತ್ರೆ ಎಂದರೆ ಎಲ್ಲರಿಗೂ ಗೊತ್ತು. ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಶಕಗಳ ಹಿಂದೆಯೇ ರಿಜಿಸ್ಟರ್‌ನಲ್ಲಿ ಬರೆದಿಡುತ್ತಿದ್ದರು.

ಹುಟ್ಟುವಾಗ ತೂಕ ಕಡಿಮೆ ಇದ್ದವರಿಗೆ ದೊಡ್ಡವರಾದ ಮೇಲೆ ಹೃದ್ರೋಗ ಮತ್ತು ಸಕ್ಕರೆ ಕಾಯಿಲೆ ಹೆಚ್ಚು ಎಂದು ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಮತ್ತು ಅವರ ಜೊತೆಗಾರರು ಕಂಡುಕೊಂಡಿದ್ದರು. ನಮ್ಮಲ್ಲೂ ಹಾಗೆಯೇ ಇದೆಯೇ? 1934ರಿಂದ 1954ರ ನಡುವೆ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿ, ಇನ್ನೂ ಆ ಸುತ್ತಮುತ್ತ ವಾಸವಿದ್ದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟಿದಾಗ ಸುಮಾರು ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11ರಷ್ಟು ಜನರಿಗೆ ಹೃದ್ರೋಗವಿತ್ತು, 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ಶೇ. 3ರಷ್ಟು. ಹೃದ್ರೋಗದ ಲೆಕ್ಕ ಇಂಗ್ಲೆಂಡಿನ ಲೆಕ್ಕದ ದಾರಿಯಲ್ಲೇ ಇತ್ತು.

ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ತಾಳೆಯಾಗಲಿಲ್ಲ. ಮೈಸೂರಿನಲ್ಲಿ ಈ ಕಾಯಿಲೆ ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಉದ್ದ ಕಡಿಮೆ ಇದ್ದು, ಆ ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಹಾಗಾದರೆ ಗರ್ಭಿಣಿಯಾಗಿದ್ದಾಗ ತಾಯಿಗೆ ಸಕ್ಕರೆ ಅಂಶ ಏರಿತ್ತೇ? ಈ ಪ್ರಶ್ನೆಗೆ ಹಳೆಯ ರಿಜಿಸ್ಟರ್‌ನಲ್ಲಿ ಉತ್ತರ ಇರಲಿಲ್ಲ. ಅದಕ್ಕಾಗಿಯೇ 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಳ ಕಾಲ ಗಮನಿಸುವ 'ಮೈಸೂರು ಪಾರ್ಥೆನಾನ್' ಅಧ್ಯಯನ ಆರಂಭವಾಯಿತು.

ಇಲ್ಲಿ ನಡೆದದ್ದನ್ನು ಸಿಸ್ಟಮ್ಯಾಟಿಕ್ ರಿವ್ಯೂ ಎಂದು ಕರೆಯಲಾಗದು. ಆದರೆ ಅದರ ಹಿಂದಿನ ತರ್ಕ ಇದೇ. ಹಳೆಯ ಲೆಕ್ಕಕ್ಕೆ ಹೊಸ ಲೆಕ್ಕ ತಾಳೆಯಾಗದ ಜಾಗವೇ ಹೊಸ ಅಧ್ಯಯನದ ಜಾಗ. ಹಳೆಯದನ್ನು ಓದಿರದಿದ್ದರೆ ತಾಳೆಯಾಗುತ್ತಿಲ್ಲ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಬೆಳಗಾವಿಯ ಪಾಠ

ಈಗ ಕರ್ನಾಟಕದ ವಾಯವ್ಯ ಭಾಗಕ್ಕೆ ಹೋಗೋಣ. ನಾನು ಓದಿದ ಎಲ್ಲ ಉದಾಹರಣೆಗಳಲ್ಲಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಇದು.

ಅವಧಿಗೆ ಮುಂಚೆ ಹುಟ್ಟುವ ಮಕ್ಕಳ ಶ್ವಾಸಕೋಶ ಪೂರ್ತಿ ಬೆಳೆದಿರುವುದಿಲ್ಲ. ಹೆರಿಗೆಗೆ ಮುನ್ನ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ ಎಂದು 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ ತೋರಿಸಿದರು. ನಂತರ ಬೇರೆಬೇರೆ ಕಡೆ ಸಣ್ಣ ಸಣ್ಣ ಪ್ರಯೋಗಗಳು ನಡೆದವು. ಒಂದೊಂದನ್ನೇ ನೋಡಿದರೆ ಅನುಮಾನ ಉಳಿಯುತ್ತಿತ್ತು, ಕೂಡಿಸಿದಾಗ ಉತ್ತರ ಸ್ಪಷ್ಟವಾಯಿತು. ಕಾಕ್ರನ್ ಸಂಸ್ಥೆಯ ಲಾಂಛನದಲ್ಲಿರುವ ಅಡ್ಡಗೆರೆಗಳು ಈ ಪ್ರಯೋಗಗಳ ಚಿತ್ರವೇ. 2006ರ ಕಾಕ್ರನ್ ರಿವ್ಯೂ 21 ಪ್ರಯೋಗಗಳನ್ನು, 4,269 ಶಿಶುಗಳನ್ನು ಒಳಗೊಂಡಿತ್ತು. ನವಜಾತ ಶಿಶುಗಳ ಸಾವು ಸುಮಾರು ಶೇ. 31ರಷ್ಟು ಕಡಿಮೆಯಾಗುತ್ತದೆ ಎಂದು ಅದು ಹೇಳಿತು.

ಇಷ್ಟು ಓದಿದರೆ 'ಉತ್ತರ ಸಿಕ್ಕಿದೆ, ಇನ್ನು ಪ್ರಯೋಗ ಬೇಡ' ಎನಿಸುತ್ತದೆ. ಆದರೆ ರಿವ್ಯೂ ಓದುವಾಗ ಮೊತ್ತವನ್ನಷ್ಟೇ ನೋಡಬಾರದು, ಆ ಮೊತ್ತ ಯಾವ ಅಂಗಡಿಗಳಿಂದ ಬಂದದ್ದು ಎಂದೂ ನೋಡಬೇಕು. ಆ ಪ್ರಯೋಗಗಳಲ್ಲಿ ಹೆಚ್ಚಿನವು ಶ್ರೀಮಂತ ದೇಶಗಳ ಒಳ್ಳೆಯ ಆಸ್ಪತ್ರೆಗಳಲ್ಲಿ ನಡೆದಿದ್ದವು. ಸ್ಕ್ಯಾನಿಂಗ್ ಸೌಲಭ್ಯ ಕಡಿಮೆ ಇರುವ, ಗರ್ಭಕ್ಕೆ ಎಷ್ಟು ವಾರ ಎಂದು ಖಚಿತವಾಗಿ ಗೊತ್ತಿಲ್ಲದ, ಮನೆಯಲ್ಲೋ ಚಿಕ್ಕ ಆರೋಗ್ಯ ಕೇಂದ್ರದಲ್ಲೋ ಹೆರಿಗೆಯಾಗುವ ಊರುಗಳಲ್ಲಿ ಏನಾಗುತ್ತದೆ? ಆ ಸಾಲು ಖಾಲಿ ಇತ್ತು.

ಆ ಖಾಲಿ ಸಾಲನ್ನು ತುಂಬಲು 2011ರಲ್ಲಿ ಆರು ದೇಶಗಳಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ ಅದರ ಕೇಂದ್ರಗಳಾಗಿದ್ದವು. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಇದರಲ್ಲಿ ಭಾಗವಹಿಸಿದರು. ಕೆಲವು ಪ್ರದೇಶಗಳಲ್ಲಿ ಹಳ್ಳಿಯ ಮಟ್ಟದವರೆಗೂ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಚುಚ್ಚುಮದ್ದು ಒದಗಿಸಿದರು, ಉಳಿದ ಪ್ರದೇಶಗಳಲ್ಲಿ ಎಂದಿನ ಆರೈಕೆ ಮುಂದುವರಿಯಿತು. ಯಾವ ಪ್ರದೇಶಕ್ಕೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗಿತ್ತು.

ಫಲಿತಾಂಶ ಯಾರೂ ಎದುರುನೋಡದಂಥದ್ದು. ತೀರಾ ಚಿಕ್ಕದಾಗಿ ಹುಟ್ಟಿದ ಶಿಶುಗಳ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಟ್ಟು ಶಿಶುಗಳನ್ನು ತೆಗೆದುಕೊಂಡರೆ, ಚುಚ್ಚುಮದ್ದು ಒದಗಿಸಿದ ಪ್ರದೇಶಗಳಲ್ಲಿ ಸಾವಿರಕ್ಕೆ 27.4 ಶಿಶುಗಳು 28 ದಿನದೊಳಗೆ ತೀರಿಕೊಂಡವು, ಉಳಿದ ಪ್ರದೇಶಗಳಲ್ಲಿ 23.9. ಸಾವು ಇಳಿಯುವ ಬದಲು ಏರಿತ್ತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತ್ತು. ಚುಚ್ಚುಮದ್ದು ಪಡೆದ ಅನೇಕ ತಾಯಂದಿರಿಗೆ ಕೊನೆಗೆ ಅವಧಿಪೂರ್ವ ಹೆರಿಗೆಯೇ ಆಗಿರಲಿಲ್ಲ.

ಈಗ ಪುಸ್ತಕದಲ್ಲಿ ಎರಡು ವಿರುದ್ಧ ನಮೂದುಗಳು ಬಂದವು. ಹಳೆಯ ರಿವ್ಯೂ 'ಒಳ್ಳೆಯದು' ಎನ್ನುತ್ತದೆ, ಹೊಸ ಪ್ರಯೋಗ 'ಎಚ್ಚರ' ಎನ್ನುತ್ತದೆ. ಈ ಗೊಂದಲ ಬಿಡಿಸಲು ವಿಶ್ವ ಆರೋಗ್ಯ ಸಂಸ್ಥೆ ಮತ್ತೊಂದು ಪ್ರಯೋಗ ಯೋಜಿಸಿತು. ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆಗಳಲ್ಲಿ ಅದು ನಡೆಯಿತು, ಬೆಳಗಾವಿಯ ಸಂಶೋಧಕರು ಇದರಲ್ಲೂ ಇದ್ದರು. ಈ ಸಲ ಪ್ರಶ್ನೆಯನ್ನು ಇನ್ನೂ ಬಿಗಿಯಾಗಿ ಕಟ್ಟಿದರು. ಸ್ಕ್ಯಾನಿಂಗ್ ಮೂಲಕ ವಾರಗಳನ್ನು ಖಚಿತಪಡಿಸಿಕೊಂಡು, 26 ವಾರ ತುಂಬಿ 34 ವಾರ ತುಂಬದ, ಬೇಗನೆ ಹೆರಿಗೆಯಾಗುವ ಸಂಭವವಿದ್ದ ತಾಯಂದಿರನ್ನು ಮಾತ್ರ ಸೇರಿಸಿದರು. ಶಿಶುವಿಗೆ ಸಾಕಷ್ಟು ಆರೈಕೆ ಸಿಗುವ ಆಸ್ಪತ್ರೆಗಳನ್ನೇ ಆರಿಸಿದರು. 2,852 ತಾಯಂದಿರು ಸೇರಿದ ಮೇಲೆ, ಲಾಭ ಸ್ಪಷ್ಟವಾಗಿದ್ದರಿಂದ, 2019ರ ನವೆಂಬರ್‌ನಲ್ಲಿ ಅವಧಿಗೆ ಮೊದಲೇ ಪ್ರಯೋಗ ನಿಲ್ಲಿಸಿದರು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪಡೆದ ಗುಂಪಿನಲ್ಲಿ ನವಜಾತ ಶಿಶುಗಳ ಸಾವು ಶೇ. 19.6, ಔಷಧವಿಲ್ಲದ ಚುಚ್ಚುಮದ್ದು ಪಡೆದ ಗುಂಪಿನಲ್ಲಿ ಶೇ. 23.5. ತಾಯಂದಿರ ಸೋಂಕು ಹೆಚ್ಚಲಿಲ್ಲ.

ಸ್ನೇಹಿತರೇ, ಶೇ. 3.9ರ ವ್ಯತ್ಯಾಸ ಪರೀಕ್ಷೆಯ ಅಂಕದಲ್ಲಿ ಚಿಕ್ಕದು. ಇಲ್ಲಿ ಅದರ ಅರ್ಥ, ನೂರರಲ್ಲಿ ಸುಮಾರು ನಾಲ್ಕು ಮಕ್ಕಳು ತಾಯಿಯ ಜೊತೆ ಮನೆಗೆ ಹೋದರು ಎಂದು. ಹಳೆಯ ರಿವ್ಯೂವನ್ನು ಮೇಲಿಂದ ಓದಿ ಎಲ್ಲ ಊರುಗಳಿಗೂ ಒಂದೇ ಆದೇಶ ಹೊರಡಿಸಿ ಸುಮ್ಮನಾಗಿದ್ದರೆ, ಹಳ್ಳಿಗಳಲ್ಲಿ ಆಗಬಹುದಾದ ಹಾನಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎರಡನೆಯ ಫಲಿತಾಂಶಕ್ಕೆ ಹೆದರಿ ಔಷಧವನ್ನೇ ಬಿಟ್ಟಿದ್ದರೆ, ಈ ನಾಲ್ಕು ಮಕ್ಕಳು ಉಳಿಯುತ್ತಿರಲಿಲ್ಲ. ಎಲ್ಲಿ ಗೊತ್ತಿದೆ, ಎಲ್ಲಿ ಗೊತ್ತಿಲ್ಲ ಎಂಬ ಗೆರೆಯನ್ನು ಸರಿಯಾಗಿ ಎಳೆದದ್ದರಿಂದಲೇ ಮುಂದಿನ ಪ್ರಯೋಗಕ್ಕೆ ಸಮರ್ಥನೆ ಸಿಕ್ಕಿತು.

ಯೋಜನೆಗೆ ರಿವ್ಯೂ ಕೊಡುವ ಐದು ಉತ್ತರಗಳು

ಇಷ್ಟರಿಂದ ನಾನು ಬರೆದುಕೊಂಡ ಟಿಪ್ಪಣಿ ಹೀಗಿದೆ. ಹೊಸ ಅಧ್ಯಯನ ಮಾಡುವವರಿಗೆ ಒಳ್ಳೆಯ ರಿವ್ಯೂ ಐದು ಉತ್ತರ ಕೊಡುತ್ತದೆ.

1. ಮಾಡಬೇಕೇ, ಬೇಡವೇ? ಉತ್ತರ ಈಗಾಗಲೇ ಗಟ್ಟಿಯಾಗಿದ್ದರೆ ಇನ್ನೊಂದು ಅಧ್ಯಯನ ಜನರ ಸಮಯ, ಹಣ, ಕೆಲವೊಮ್ಮೆ ಜೀವದ ನಷ್ಟ.

2. ಯಾರನ್ನು ಕೇಳಬೇಕು? ಹಿಂದಿನ ಅಧ್ಯಯನಗಳಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂಬುದು ತಿಳಿಯುತ್ತದೆ. ಹಳ್ಳಿಯವರೇ, ಬಡವರೇ, ಹೆಂಗಸರೇ, ವಯಸ್ಸಾದವರೇ?

3. ಯಾವುದಕ್ಕೆ ಹೋಲಿಸಬೇಕು, ಏನನ್ನು ಅಳೆಯಬೇಕು? ಹತ್ತು ಅಧ್ಯಯನಗಳು ಒಂದೇ ವಿಷಯವನ್ನು ಹತ್ತು ರೀತಿ ಅಳೆದಿದ್ದರೆ ಕೂಡಿಸುವುದು ಕಷ್ಟ. ಹನ್ನೊಂದನೆಯವರು ಹನ್ನೊಂದನೆಯ ಅಳತೆ ಹುಡುಕದೆ, ಇರುವುದರಲ್ಲಿ ಒಳ್ಳೆಯದನ್ನು ಬಳಸಬೇಕು.

4. ಎಷ್ಟು ಜನ ಬೇಕು? ಬೆಳಗಾವಿಯವರೂ ಇದ್ದ ಎರಡನೆಯ ಪ್ರಯೋಗದಲ್ಲಿ ಗುಂಪಿಗೆ 50 ತಾಯಂದಿರು ಮಾತ್ರ ಇದ್ದಿದ್ದರೆ ಏನಾಗುತ್ತಿತ್ತು? ಒಂದು ಕಡೆ 12 ಸಾವು, ಇನ್ನೊಂದು ಕಡೆ 10. ಈ ಎರಡರ ಅಂತರ ಆಕಸ್ಮಿಕವಾಗಿಯೂ ಬರಬಹುದು. ಎಷ್ಟು ವ್ಯತ್ಯಾಸ ನಿರೀಕ್ಷಿಸಬಹುದು ಎಂದು ಹಿಂದಿನ ಲೆಕ್ಕ ಹೇಳಿದರೆ ಮಾತ್ರ ಎಷ್ಟು ಜನ ಬೇಕು ಎಂದು ಹೇಳಬಹುದು.

5. ಯಾವ ತಪ್ಪು ಮತ್ತೆ ಮಾಡಬಾರದು? ಹಿಂದಿನವರು ಎಲ್ಲಿ ಎಡವಿದರು ಎಂಬುದು ರಿವ್ಯೂನಲ್ಲೇ ಬರೆದಿರುತ್ತದೆ.

ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ಮಾರ್ಗದರ್ಶಿಯಾದ, 1964ರಲ್ಲಿ ಅಂಗೀಕಾರವಾದ ಹೆಲ್ಸಿಂಕಿ ಘೋಷಣೆಯೂ ಹಿಂದಿನ ವೈಜ್ಞಾನಿಕ ಬರಹಗಳ ಸಂಪೂರ್ಣ ತಿಳಿವಳಿಕೆಯ ಮೇಲೆ ಸಂಶೋಧನೆ ನಿಂತಿರಬೇಕು ಎನ್ನುತ್ತದೆ. ಆದ್ದರಿಂದ ಇದು ನೀತಿಯ ಪ್ರಶ್ನೆ ಕೂಡ.

ನಮ್ಮ ತರಗತಿಯ ಪ್ರಾಜೆಕ್ಟ್‌ಗೆ ಬರೋಣ

ಆಂತರಿಕ ಮೌಲ್ಯಮಾಪನದ ಪ್ರಾಜೆಕ್ಟ್‌ಗಾಗಿ ನಮ್ಮ ಐವರ ಗುಂಪು ಆರಿಸಿಕೊಂಡ ವಿಷಯ ಮೈಕ್ರೋಫೈನಾನ್ಸ್, ಅಂದರೆ ಹೆಂಗಸರ ಗುಂಪುಗಳಿಗೆ ಕೊಡುವ ಚಿಕ್ಕ ಸಾಲ. ಉದಯಗಿರಿ, ರಾಜೀವ್‌ನಗರ, ಶಾಂತಿನಗರದ ಕಡೆ ಇರುವವರಿಗೆ ವಾರದ ಕಂತಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. 'ಮೈಕ್ರೋಫೈನಾನ್ಸ್ ಸಾಲದಿಂದ ಬಡತನ ಕಡಿಮೆಯಾಗುತ್ತದೆಯೇ?' ಎಂಬ ಪ್ರಶ್ನೆಯನ್ನು 40 ಮಂದಿ ಹೆಂಗಸರಿಗೆ ಕೇಳುವುದು ಮೊದಲ ಆಲೋಚನೆಯಾಗಿತ್ತು. ಪ್ರಶ್ನಾವಳಿ ಬರೆಯುವ ಮುನ್ನ ಹಿಂದಿನ ಬಾಕಿ ನೋಡೋಣ ಎಂದು ಗ್ರಂಥಾಲಯದಲ್ಲಿ ಕುಳಿತೆವು.

2011ರಲ್ಲಿ ಬ್ರಿಟನ್‌ನಲ್ಲಿ ಇದೇ ಪ್ರಶ್ನೆಗೆ ಒಂದು ಸಿಸ್ಟಮ್ಯಾಟಿಕ್ ರಿವ್ಯೂ ಪ್ರಕಟವಾಗಿದೆ. ಅಲ್ಲಿಯವರೆಗಿನ ಅಧ್ಯಯನಗಳಲ್ಲಿ ಹೆಚ್ಚಿನವುಗಳ ವಿಧಾನ ದುರ್ಬಲ, ಸಾಲದಿಂದ ಬದುಕು ಸುಧಾರಿಸಿತು ಎನ್ನಲು ಗಟ್ಟಿ ಆಧಾರವಿಲ್ಲ ಎಂದು ಅದು ಹೇಳಿತು. ನಮ್ಮ ನೆರೆಯ ಹೈದರಾಬಾದ್‌ನಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಜೊತೆಗಾರರು 104 ಬಡಾವಣೆಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಕಡೆ ಮೊದಲು ಸಾಲದ ಶಾಖೆ ತೆರೆಸಿ ನೋಡಿದ್ದರು. ಈಗಾಗಲೇ ವ್ಯಾಪಾರವಿದ್ದವರು ಅದರಲ್ಲಿ ಹೆಚ್ಚು ಹಣ ಹೂಡಿದರು. ಆದರೆ ಮನೆಯ ಒಟ್ಟು ಖರ್ಚುವೆಚ್ಚದ ಮಟ್ಟ ಏರಲಿಲ್ಲ, ಆರೋಗ್ಯ, ಮಕ್ಕಳ ಓದು, ಹೆಂಗಸರ ಅಧಿಕಾರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. 2015ರ ಜನವರಿಯಲ್ಲಿ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೋ, ಮಂಗೋಲಿಯಾ, ಮೊರಾಕ್ಕೋ ಅಧ್ಯಯನಗಳ ಜೊತೆ ಇದು ಒಂದೇ ಸಂಚಿಕೆಯಲ್ಲಿ ಪ್ರಕಟವಾಯಿತು. ಆರರ ಸಾರವೂ ಹೆಚ್ಚುಕಡಿಮೆ ಒಂದೇ: ಸ್ವಲ್ಪ ಅನುಕೂಲ ಇರಬಹುದು, ಬದುಕೇ ಬದಲಾಗುವಂಥದ್ದಲ್ಲ. 2019ರಲ್ಲಿ ರೇಚಲ್ ಮೀಗರ್ ಎಂಬ ಅರ್ಥಶಾಸ್ತ್ರಜ್ಞೆ ಇಂಥ ಏಳು ಪ್ರಯೋಗಗಳ ಅಂಕಿಗಳನ್ನು ಕೂಡಿಸಿ ನೋಡಿದಾಗಲೂ ಪರಿಣಾಮ ತೀರಾ ಚಿಕ್ಕದಿರಬಹುದು ಎಂದೇ ಬಂತು.

ಸಾವಿರಾರು ಮನೆಗಳನ್ನು ವರ್ಷಗಟ್ಟಲೆ ನೋಡಿ ಪಡೆದ ಉತ್ತರದ ಮುಂದೆ ನಮ್ಮ 40 ಮಂದಿಯ ಪ್ರಶ್ನಾವಳಿ ಏನನ್ನು ಸೇರಿಸಬಲ್ಲದು? ಆ ಪ್ರಶ್ನೆಯನ್ನು ಬಿಟ್ಟೆವು.

ನಮ್ಮ ಓಣಿಯ ಒಬ್ಬ ಖಾಲಾ ಊದುಬತ್ತಿ ಹೊಸೆಯುತ್ತಾರೆ. ಕಾಲೇಜಿನ ಕಡೆಯಿಂದ ಸರ್ವೆಗೆ ಬರುತ್ತೇವೆ ಎಂದು ಹೇಳಿದಾಗ ಅವರು ಕೈ ನಿಲ್ಲಿಸದೆಯೇ, "ಪರ್‌ಸಾಲ್ ಬೀ ಯಹೀಚ್ ಪೂಛೇ ನಾ ಬೇಟಾ?" ಎಂದರು. ಹೋದ ವರ್ಷವೂ ಇದನ್ನೇ ಕೇಳಿದರಲ್ಲ ಮಗಳೇ ಎಂದು ಅರ್ಥ. ಎಣಿಕೆಯ ಮೇಲೆ ಕೂಲಿ ಸಿಗುವವರಿಗೆ ನಮ್ಮ ಅರ್ಧ ಗಂಟೆಯ ಪ್ರಶ್ನೆಗಳು ಅರ್ಧ ಗಂಟೆಯ ಕೂಲಿಯ ನಷ್ಟ. ಆ ನಷ್ಟ ನಮ್ಮ ವರದಿಯ ಯಾವ ಕಾಲಂನಲ್ಲೂ ಬರುವುದಿಲ್ಲ. ಆದರೆ ಖರ್ಚು ಖರ್ಚೇ.

ಹಾಗಾದರೆ ಖಾಲಿ ಸಾಲು ಯಾವುದು? 2025ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಸಾಲ ವಸೂಲಿಯ ಹೆಸರಿನ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು. ಹತ್ತು ವರ್ಷಗಳ ಹಿಂದಿನ ಅಧ್ಯಯನಗಳು ಅದರ ಬಗ್ಗೆ ಕೇಳಿರಲು ಸಾಧ್ಯವಿಲ್ಲ. ನಮ್ಮ ಬಡಾವಣೆಯ ಹೆಂಗಸರಿಗೆ ಹಾಗೊಂದು ರಕ್ಷಣೆ ಇದೆ ಎಂದು ಗೊತ್ತೇ? ಯಾರಿಂದ ತಿಳಿಯಿತು? ತೊಂದರೆಯಾದರೆ ಯಾರ ಬಳಿ ಹೋಗಬೇಕು ಎಂದು ಗೊತ್ತೇ? ಒಂದೇ ಮನೆಯಲ್ಲಿ ಏಕಕಾಲಕ್ಕೆ ಎಷ್ಟು ಕಡೆಯ ಕಂತು ನಡೆಯುತ್ತಿದೆ? ಇವು ಚಿಕ್ಕ ಪ್ರಶ್ನೆಗಳು. 40 ಮಂದಿಯ ಉತ್ತರದಿಂದ ಇಡೀ ಮೈಸೂರಿನ ಬಗ್ಗೆ ತೀರ್ಮಾನ ಹೇಳಲಾಗದು, ಸಾಲದಿಂದ ಇಂಥದ್ದೇ ಆಯಿತು ಎಂದೂ ಹೇಳಲಾಗದು. ಆದರೆ ಇದ್ದದ್ದನ್ನು ಇದ್ದ ಹಾಗೆ ದಾಖಲಿಸಬಹುದು. ಕೇಳಲು ಹೋದವರು ಆ ಮಾಹಿತಿಯನ್ನು ಖಾಲಾ ಅವರಿಗೆ ತಿಳಿಸಿಯೂ ಬರಬಹುದು.

ಎಚ್ಚರದ ಮಾತುಗಳು

ರಿವ್ಯೂ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ದುರ್ಬಲ ಅಧ್ಯಯನಗಳನ್ನು ಕೂಡಿಸಿದರೆ ಬಲವಾದ ಉತ್ತರ ಬರುವುದಿಲ್ಲ; ತಪ್ಪು ವೋಚರ್‌ಗಳ ಮೊತ್ತವೂ ತಪ್ಪೇ. ಒಳ್ಳೆಯ ಫಲಿತಾಂಶ ಬಂದ ಅಧ್ಯಯನಗಳು ಬೇಗ ಪ್ರಕಟವಾಗುತ್ತವೆ, ಬರದವು ಕಪಾಟಿನಲ್ಲೇ ಉಳಿಯುತ್ತವೆ. ಇದರಿಂದ ಮೊತ್ತ ಒಂದು ಕಡೆಗೆ ವಾಲಬಹುದು. ಅದಕ್ಕಾಗಿಯೇ ಪ್ರಯೋಗಗಳನ್ನು ಆರಂಭದಲ್ಲೇ ನೋಂದಾಯಿಸುವ ಪದ್ಧತಿ ಬಂದಿದೆ. ಭಾರತದಲ್ಲಿ ಇದಕ್ಕೆ 2007ರಿಂದ ಒಂದು ರಾಷ್ಟ್ರೀಯ ನೋಂದಣಿ ವ್ಯವಸ್ಥೆ ಇದೆ. ರಿವ್ಯೂ ಹಳೆಯದಾಗಿದ್ದರೆ ಅದರ ನಂತರ ಬಂದದ್ದನ್ನೂ ಹುಡುಕಬೇಕು. 'ಇನ್ನೂ ಹೆಚ್ಚಿನ ಸಂಶೋಧನೆ ಬೇಕು' ಎಂಬ ವಾಕ್ಯ ಬಹಳಷ್ಟು ಲೇಖನಗಳ ಕೊನೆಯಲ್ಲಿ ಇರುತ್ತದೆ. ಅದೊಂದನ್ನೇ ನಮ್ಮ ಅಧ್ಯಯನಕ್ಕೆ ಸಮರ್ಥನೆ ಎಂದು ತೋರಿಸಬಾರದು. ಯಾರ ಬಗ್ಗೆ, ಯಾವ ವಿಷಯದಲ್ಲಿ, ಏಕೆ ಬೇಕು ಎಂದು ಕೇಳಬೇಕು.

ಇನ್ನೊಂದು ಮಾತು. ನಾವು ಎರಡು ವಾರದಲ್ಲಿ ಮಾಡಿದ್ದನ್ನು ಸಿಸ್ಟಮ್ಯಾಟಿಕ್ ರಿವ್ಯೂ ಎಂದು ಕರೆಯಬಾರದು. ನಿಜವಾದ ರಿವ್ಯೂಗೆ ತಿಂಗಳುಗಳು ಹಿಡಿಯುತ್ತವೆ. ನಾವು ಮಾಡಬಹುದಾದದ್ದು, ಇರುವ ರಿವ್ಯೂಗಳನ್ನು ಹುಡುಕಿ ಓದುವುದು ಮತ್ತು ಹೇಗೆ ಹುಡುಕಿದೆವು ಎಂದು ಪ್ರಾಮಾಣಿಕವಾಗಿ ಬರೆಯುವುದು. ಕಾಕ್ರನ್ ರಿವ್ಯೂಗಳ ಸರಳ ಸಾರಾಂಶಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು, ಕ್ಯಾಂಪ್‌ಬೆಲ್ ರಿವ್ಯೂಗಳೂ ಉಚಿತ. ಇಂಗ್ಲಿಷ್ ಕಷ್ಟವೆನಿಸಿದರೆ ಇಬ್ಬರು ಮೂವರು ಸೇರಿ ಓದಿ. ಒಬ್ಬರಿಗೆ ತಿಳಿಯದ ಪದ ಇನ್ನೊಬ್ಬರಿಗೆ ತಿಳಿದಿರುತ್ತದೆ. ನಮ್ಮ ಗುಂಪಿನಲ್ಲಿ ಚರ್ಚೆ ಉರ್ದುವಿನಲ್ಲಿ, ಟಿಪ್ಪಣಿ ಕನ್ನಡದಲ್ಲಿ, ಓದು ಇಂಗ್ಲಿಷಿನಲ್ಲಿ ನಡೆಯಿತು, ಕೆಲಸ ನಿಲ್ಲಲಿಲ್ಲ.

ಒಂದು ವಿನಂತಿ

'ಲ್ಯಾನ್ಸೆಟ್' ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ತನ್ನಲ್ಲಿ ಪ್ರಕಟವಾಗುವ ಸಂಶೋಧನೆಯ ಜೊತೆ ಒಂದು ಚಿಕ್ಕ ಚೌಕಟ್ಟನ್ನು ಕೇಳುತ್ತದೆ. ಅದರಲ್ಲಿ ಮೂರೇ ಭಾಗ: ಈ ಅಧ್ಯಯನಕ್ಕೆ ಮುಂಚೆ ಏನು ಗೊತ್ತಿತ್ತು, ಈ ಅಧ್ಯಯನ ಏನನ್ನು ಸೇರಿಸಿತು, ಎಲ್ಲವನ್ನೂ ಒಟ್ಟಿಗೆ ನೋಡಿದರೆ ಏನರ್ಥ.

ನಮ್ಮ ಕಾಲೇಜಿನ ಪ್ರಾಜೆಕ್ಟ್ ವರದಿಗಳ ಮೊದಲ ಪುಟದಲ್ಲೂ ಇಂಥದ್ದೊಂದು ಚೌಕಟ್ಟು ಇರಲಿ ಎಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಅದಕ್ಕೆ 'ಆರಂಭಿಕ ಶಿಲ್ಕು' ಎಂದೇ ಹೆಸರಿಡಬಹುದು. ವಿಜ್ಞಾನ ವಿಭಾಗದವರು ನೀರಿನ ಗುಣಮಟ್ಟದ ಬಗ್ಗೆ ಬರೆಯಲಿ, ಕಲಾ ವಿಭಾಗದವರು ಶಾಲೆ ಬಿಟ್ಟ ಮಕ್ಕಳ ಬಗ್ಗೆ ಬರೆಯಲಿ, ನಾವು ವ್ಯಾಪಾರದ ಬಗ್ಗೆ ಬರೆಯೋಣ. ಮೂರು ಸಾಲು ಎಲ್ಲರಿಗೂ ಸಾಕು. ಹೋದ ವರ್ಷದ ವರದಿಗಳನ್ನು ಗ್ರಂಥಾಲಯದ ಒಂದು ಕಪಾಟಿನಲ್ಲಿ ಎಲ್ಲರ ಕೈಗೆ ಸಿಗುವಂತೆ ಇಟ್ಟರೆ, ನಮ್ಮ ಹಿರಿಯ ವಿದ್ಯಾರ್ಥಿಗಳು ಯಾವ ಓಣಿಯಲ್ಲಿ ಏನನ್ನು ಕೇಳಿ ಬಂದಿದ್ದಾರೆ ಎಂಬುದು ನಮಗೆ ತಿಳಿಯುತ್ತದೆ. ನಮ್ಮ ವರದಿ ಮುಂದಿನ ವರ್ಷದವರ ಹಿಂದಿನ ಬಾಕಿಯಾಗುತ್ತದೆ. ಅದನ್ನು ಓದಿದ ಒಬ್ಬ ಜೂನಿಯರ್ ಹೊಸ ಪ್ರಶ್ನೆಯೊಂದನ್ನು ಹಿಡಿದು ಬಂದರೆ, ನಮ್ಮ ಕೆಲಸ ಜಮಾ ಕಡೆಗೆ ಬಿದ್ದಂತೆ.